ಹಸಿದ ಊರಿಗೆ ಬೊಜ್ಜು ಬಂದ ಬಗೆ

(ಮದ್ದೂರು ತಾಲ್ಲೂಕು ಕೊಪ್ಪದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಜನಪದ, ಏಕೀಕರಣ ಇಂಥ ವಿಷಯಗಳು ರೂಢಿ. ಈ ಸಲ ಬೊಜ್ಜಿನ ಮೇಲೆ ಮಾತಾಡುತ್ತೇನೆ ಅಂದಾಗ ಸಂಘಟಕರಲ್ಲಿ ಒಬ್ಬರು ತಮ್ಮ ಹೊಟ್ಟೆ ನೋಡಿಕೊಂಡರು, ಇನ್ನೊಬ್ಬರು ಪಕ್ಕದವರ ಹೊಟ್ಟೆ ನೋಡಿದರು. ನಮ್ಮ ಕಂಪನಿ ನಾಟಕದಲ್ಲಿ ಡೊಳ್ಳುಹೊಟ್ಟೆಯವನು ರಂಗಕ್ಕೆ ಬಂದನೆಂದರೆ ಅವನು ಸಾಹುಕಾರ, ಇಲ್ಲವೇ ನಗಿಸುವವನು. ಹೊಟ್ಟೆ ಬರಬೇಕಾದರೆ ಕೂತು ಉಣ್ಣುವಷ್ಟು ಮನೆಯಲ್ಲಿ ಇರಬೇಕಿತ್ತು. ಈಗ ಇಲ್ಲದವರ ಮನೆಗೂ ಹೊಟ್ಟೆ ಬಂದಿದೆ. ಅದು ಹೇಗೆ ಬಂತು ಅನ್ನುವುದೇ ನನ್ನ ಇವತ್ತಿನ ವಿಷಯ.

ಮೊದಲು ಅಂಕಿಅಂಶ ಮುಗಿಸಿಬಿಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ 23.3 ಮಂದಿಗೆ, ನೂರು ಗಂಡಸರಲ್ಲಿ 22.1 ಮಂದಿಗೆ ಮೈತೂಕ ಹೆಚ್ಚಿತ್ತು. ನಾಲ್ಕು ವರ್ಷ ಕಳೆದು 2019–20ರಲ್ಲಿ ಅಳೆದಾಗ ಅದು 30.1 ಮತ್ತು 30.9 ಆಗಿತ್ತು. ಗಂಡಸರು ಹೆಂಗಸರನ್ನು ಹಿಂದೆ ಹಾಕಿದರು. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ ದೇಶದ ವಯಸ್ಕರಲ್ಲಿ ನೂರಕ್ಕೆ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ, ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆಯಿದೆ ಎಂದಿತು. ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಇಷ್ಟು.

ಸಣ್ಣಕ್ಷರದಲ್ಲಿ ಬಂದದ್ದನ್ನೂ ಓದಬೇಕು. 2019–20ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ 17 ಮಂದಿ ಇರಬೇಕಾದ್ದಕ್ಕಿಂತ ತೆಳ್ಳಗಿದ್ದರು, ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಹಸಿವು ಹೋಗಿ ಬೊಜ್ಜು ಬಂದಿದ್ದಲ್ಲ. ಎರಡೂ ಒಂದೇ ಬೀದಿಯಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಇವೆ. ಒಂದೇ ಮೈಯಲ್ಲೂ ಇವೆ: ತೂಕ 75 ಕೆಜಿ, ರಕ್ತ ಮಾತ್ರ ಇಲ್ಲ. ಈ ಒಗಟನ್ನು ಬಿಡಿಸದೆ ‘ಕಡಿಮೆ ತಿನ್ನಿ, ಜಾಸ್ತಿ ನಡೀರಿ’ ಅನ್ನುವುದು ಸುಲಭದ ಉಪದೇಶ.

‘ಅಲ್ಲ ಸಾ, ನಾನು ಉಣ್ಣಾದೇ ಎಲ್ಡೊತ್ತು, ಒಂದೊಂದು ಮುದ್ದೆ. ಈ ಹೊಟ್ಟೆ ಎಲ್ಲಿಂದ ಬಂತು?’ ನಮ್ಮ ಕಡೆ ವೈದ್ಯರ ಮುಂದೆ ಕೂತವರು ಕೇಳುವ ಪ್ರಶ್ನೆ ಇದು. ಕೇಳುವವನು ಸುಳ್ಳು ಹೇಳುತ್ತಿಲ್ಲ. ಅವನ ಊಟ ಎರಡೇ. ಊಟದ ಲೆಕ್ಕಕ್ಕೆ ಸೇರದೆ ಒಳಗೆ ಹೋಗುವುದು ಬೇರೆ ಇದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಒಂದು ಟೀ. ಬಸ್‌ಸ್ಟಾಂಡಿನಲ್ಲಿ ಯಾರೋ ನೆಂಟರು ಸಿಕ್ಕರೆ ಇನ್ನೊಂದು. ಕಬ್ಬಿನ ಕಟಾವಿಗೆ ಪರ್ಮಿಟ್ ಕೇಳಲು ಹೋದಾಗ ಮತ್ತೊಂದು. ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದು ಹಿಡಿದರೂ 10 ಗ್ರಾಂ; ದಿನಕ್ಕೆ ಐದು ಟೀ ಅಂದರೆ 50 ಗ್ರಾಂ, 200 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 25 ಗ್ರಾಂ ಸಕ್ಕರೆ ದಾಟಬೇಡಿ ಎನ್ನುತ್ತದೆ. ಟೀ ಒಂದರಲ್ಲೇ ಅದರ ಎರಡರಷ್ಟು ಆಯಿತು. ಟೀ ಜೊತೆ ನಾಲ್ಕು ಬಿಸ್ಕತ್ತು, ಸಂಜೆ ಮೆಣಸಿನಕಾಯಿ ಬಜ್ಜಿ. ಸಂಜೆಯ ನಂತರ ಇನ್ನೊಂದು ‘ಎಣ್ಣೆ’ ಇದೆಯಲ್ಲ, ಅದನ್ನು ಸಭೆಯಲ್ಲಿ ವಿವರಿಸಬೇಕಿಲ್ಲ. 180 ಎಂಎಲ್ ಕ್ವಾರ್ಟರಿನಲ್ಲಿ 400ಕ್ಕೂ ಮೇಲೆ ಕ್ಯಾಲೊರಿ ಇರುತ್ತದೆ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿದರೆ 320–330 ಕ್ಯಾಲೊರಿ. ಕ್ವಾರ್ಟರು ಮುದ್ದೆಗಿಂತ ದೊಡ್ಡದು. ನಂಜಿಕೊಳ್ಳುವ ಕಬಾಬನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ.

ಬೆಲ್ಲದ ಟೀ ಕುಡಿಯುವವರು ಇಲ್ಲಿ ತಲೆ ಆಡಿಸುತ್ತಿದ್ದೀರಿ. ಹೆದ್ದಾರಿಯ ಪಕ್ಕದ ಹೋಟೆಲ್ಲುಗಳಲ್ಲಿ ‘ಬೆಲ್ಲದ ಕಾಫಿ, ಟೀ’ ಎಂಬ ಬೋರ್ಡು ಆರೋಗ್ಯದ ಸರ್ಟಿಫಿಕೇಟಿನಂತೆ ತೂಗುತ್ತಿರುತ್ತದೆ. ಮಂಡ್ಯದವನಾಗಿ ಆಲೆಮನೆಯ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಹೊಟ್ಟೆಗೆ ಬೆಲ್ಲ, ಸಕ್ಕರೆ ಬೇರೆ ಬೇರೆಯಲ್ಲ. ಬೆಲ್ಲದಲ್ಲಿ ಒಂದಿಷ್ಟು ಖನಿಜ ಹೆಚ್ಚು, ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ.

ಸಕ್ಕರೆಯ ಮಾತು ಕೊಪ್ಪದಲ್ಲಿ ಆಡುವುದಕ್ಕೆ ಸ್ವಲ್ಪ ಧೈರ್ಯ ಬೇಕು. ನಿಮ್ಮ ಊರಲ್ಲೇ ಕಾರ್ಖಾನೆ ಇದೆ, ಆಚೆ ಕೆ.ಎಂ. ದೊಡ್ಡಿಯಲ್ಲಿ ಇನ್ನೊಂದು. ಮಂಡ್ಯದ ಮೈಷುಗರ್ 1930ರ ದಶಕದಲ್ಲಿ ಶುರುವಾದದ್ದು. ಕೃಷ್ಣರಾಜಸಾಗರದ ನೀರು ನಾಲೆಗೆ ಬರುವ ಮೊದಲು ಈ ಸೀಮೆ ಕೆರೆ ಮತ್ತು ಮಳೆ ನಂಬಿದ ಬೆದ್ದಲು. ಬೆಳೆದದ್ದು ರಾಗಿ, ಜೊತೆಗೆ ಹುರುಳಿ, ಅವರೆ, ಅಕ್ಕಡಿಯಲ್ಲಿ ಹುಚ್ಚೆಳ್ಳು. ಅನ್ನ ಹಬ್ಬಕ್ಕೆ, ಮದುವೆಗೆ, ನೆಂಟರು ಬಂದಾಗ.

ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ 1954ರಿಂದ 56ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿ ಇದ್ದು ಮನೆಮನೆಯ ಖರ್ಚುವೆಚ್ಚ ಬರೆದುಕೊಂಡರು. ಆ ಊರುಗಳಿಗೆ ವಂಗಲ, ದಲೇನ ಎಂದು ಮಾರುಹೆಸರು ಕೊಟ್ಟು 1962ರಲ್ಲಿ ಪುಸ್ತಕ ತಂದರು. ಒಂದು ಊರಿಗೆ ನಾಲೆ ನೀರು ಹರಿದಿತ್ತು, ಇನ್ನೊಂದಕ್ಕೆ ಇಲ್ಲ. ನೀರು ಸಿಕ್ಕ ಊರು ಕಬ್ಬು, ಬತ್ತ ಹಿಡಿದು ಬೇಸಾಯದಲ್ಲೇ ಉಳಿಯಿತು. ನೀರು ಸಿಗದ ಊರಿನವರು ಮಂಡ್ಯದ ಕಡೆ ನೌಕರಿ, ಗಿರಣಿ, ವ್ಯಾಪಾರ ಎಂದು ಹೊರಬಿದ್ದರು. ಅರ್ಥಶಾಸ್ತ್ರದವರು ಇದನ್ನು ಅಭಿವೃದ್ಧಿಯ ಎರಡು ದಾರಿ ಎಂದು ಓದುತ್ತಾರೆ. ನನಗೆ ಇದರಲ್ಲಿ ಹೊಟ್ಟೆ ಬಂದ ಎರಡು ದಾರಿಗಳೂ ಕಾಣುತ್ತವೆ. ನೀರು ಬಂದ ಕಡೆ ತಟ್ಟೆ ಬದಲಾಯಿತು, ನೀರು ಬಾರದ ಕಡೆ ಕೆಲಸ ಬದಲಾಯಿತು. ಇವತ್ತು ಎರಡೂ ಊರಿನವರು ಒಂದೇ ಬೇಕರಿಯ ಮುಂದೆ ಬೈಕು ನಿಲ್ಲಿಸುತ್ತಾರೆ.

ರಾಗಿಯ ಕಥೆ ಇನ್ನೂ ವಿಚಿತ್ರ. ರಾಗಿ ಇಳುವರಿ ಇಲ್ಲದೆ ಸೋತಿತು ಎನ್ನುವ ಹಾಗಿಲ್ಲ. ಇದೇ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಎಕರೆಗೆ ಬೀಳುವ ಮೂಟೆ ಹೆಚ್ಚಿದ ಕಾಲದಲ್ಲೇ ಮುದ್ದೆ ತಟ್ಟೆಯ ನಡುವಿನಿಂದ ಪಕ್ಕಕ್ಕೆ ಸರಿಯಿತು. ಬೆಳಗಿನ ತಂಗಳಿಟ್ಟಿನ ಜಾಗಕ್ಕೆ ಚಿತ್ರಾನ್ನ, ಪುಳಿಯೋಗರೆ, ಉಪ್ಪಿಟ್ಟು ಬಂದವು. ಅನ್ನ ತಿನ್ನುವುದು ಮೇಲಕ್ಕೆ ಬಂದವರ ಲಕ್ಷಣ ಎಂದು ನಾವೇ ನಂಬಿದ್ದೆವು, ತಪ್ಪು ಯಾರ ಮೇಲೂ ಹೊರಿಸಬೇಕಿಲ್ಲ. 2013ರಲ್ಲಿ ಬಂದ ಅನ್ನಭಾಗ್ಯವನ್ನು ಬೊಜ್ಜಿಗೆ ಕಾರಣ ಎಂದು ದೂರುವವರಿದ್ದಾರೆ. ಹೊಟ್ಟೆ ತುಂಬಿದವರು ಆಡುವ ಮಾತು ಅದು. ಕೂಲಿ ಇಲ್ಲದ ದಿನವೂ ಒಲೆ ಹೊತ್ತಿದ್ದು ಆ ಅಕ್ಕಿಯಿಂದ. ನನ್ನ ತಕರಾರು ಬೇರೆ. ಅಕ್ಕಿ ಕೊಟ್ಟ ಹಾಗೆ ಬೇಳೆ, ಕಾಳು, ಮೊಟ್ಟೆ, ಸೊಪ್ಪು ಅಗ್ಗವಾಗಲಿಲ್ಲ. ಅಕ್ಕಿ ಪುಕ್ಕಟೆ, ತೊಗರಿಬೇಳೆ ದುಬಾರಿ ಎಂದಾಗ ಬಡವಿಯ ತಟ್ಟೆಯಲ್ಲಿ ಅನ್ನ ಗುಡ್ಡವಾಗುತ್ತದೆ, ಸಾರು ನೀರಾಗುತ್ತದೆ. ದಕ್ಷಿಣದ ಜಿಲ್ಲೆಗಳಲ್ಲಿ ಪಡಿತರಕ್ಕೆ ಆಗಾಗ ರಾಗಿಯೂ ಬರುವುದು ಒಳ್ಳೆಯದೇ. ಆದರೆ ರಾಗಿಗೆ ಈಗ ದೇವರ ಪಟ್ಟ ಕಟ್ಟುತ್ತಿದ್ದೇವೆ, ಅದೂ ಬೇಡ. ನಾರು ಅಕ್ಕಿಗಿಂತ ಮೂರ್ನಾಲ್ಕು ಪಟ್ಟು, ಸುಣ್ಣದಂಶ 100 ಗ್ರಾಮಿಗೆ 360 ಮಿಲಿಗ್ರಾಂ ಹತ್ತಿರ, ಎಲ್ಲ ನಿಜ. ಕ್ಯಾಲೊರಿಯಲ್ಲಿ ಅಕ್ಕಿಗೂ ಅದಕ್ಕೂ ದೊಡ್ಡ ಅಂತರವಿಲ್ಲ. ನಾಟಿ ಕೋಳಿ ಸಾರಿನ ಜೊತೆ ಸ್ಪರ್ಧೆಗೆ ಬಿದ್ದು ಹತ್ತು ಮುದ್ದೆ ನುಂಗಿದವನನ್ನು ರಾಗಿ ಕಾಪಾಡುವುದಿಲ್ಲ.

ಮೈಬಗ್ಗಿಸಿ ದುಡಿದರೆ ಬೊಜ್ಜೆಲ್ಲಿ ಬರುತ್ತದೆ ಎಂದು ಹಿರಿಯರು ಕೇಳುತ್ತಾರೆ. ಕೇಳುವುದರಲ್ಲಿ ಅರ್ಥವಿದೆ. ಎತ್ತಿನ ಜಾಗಕ್ಕೆ ಟಿಲ್ಲರ್, ಟ್ರ್ಯಾಕ್ಟರ್ ಬಂದವು. ನಾಟಿಗೂ ಕೊಯ್ಲಿಗೂ ಯಂತ್ರ. ಕಬ್ಬು ಕಡಿಯಲು ಹೊರ ಜಿಲ್ಲೆಯ ತಂಡ. ಗದ್ದೆಯ ಬದುವಿನ ತನಕ ಬೈಕು. ಬೀಸುವ ಕಲ್ಲು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ. ಆದರೂ ಇದೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಟಾಂಜಾನಿಯಾದ ಹಾಡ್ಜ ಜನ ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅವರ ದೇಹ ದಿನಕ್ಕೆ ಸುಡುವ ಶಕ್ತಿಯನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಮೈಗಾತ್ರದ ವ್ಯತ್ಯಾಸ ಕಳೆದು ನೋಡಿದರೆ, ಕುರ್ಚಿಯಲ್ಲಿ ಕೂತು ದುಡಿಯುವ ಅಮೆರಿಕನ್ನರು ಸುಡುವುದಕ್ಕಿಂತ ಅದು ಹೆಚ್ಚೇನೂ ಇರಲಿಲ್ಲ. ದೇಹ ಜಾಣ, ದುಡಿಮೆಗೆ ಹೆಚ್ಚು ಖರ್ಚಾದರೆ ಬೇರೆಲ್ಲೋ ಉಳಿತಾಯ ಮಾಡುತ್ತದೆ. ಹಾಗೆಂದು ನಡಿಗೆ ಬಿಡಬೇಡಿ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಅದರಷ್ಟು ಅಗ್ಗದ ಔಷಧ ಇಲ್ಲ. ಹೊಟ್ಟೆ ಒಳಗೆ ಬರುವ ಮುಖ್ಯ ಬಾಗಿಲು ಮಾತ್ರ ಬಾಯಿ.

ಆ ಬಾಗಿಲಲ್ಲಿ ಏನು ಬರುತ್ತಿದೆ ಅನ್ನುವುದಕ್ಕೆ ಒಂದು ಪರೀಕ್ಷೆ ನಡೆದಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬುವರು 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇಟ್ಟರು. ಎರಡು ವಾರ ಮನೆಯ ಅಡುಗೆಯಂಥ ಊಟ, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು. ಎರಡರಲ್ಲೂ ಸಕ್ಕರೆ, ಕೊಬ್ಬು, ಉಪ್ಪು, ನಾರು ಸರಿಸಮ ಇರುವಂತೆ ಬಡಿಸಿದರು. ಎಷ್ಟು ಬೇಕಾದರೂ ತಿನ್ನಿ ಎಂದರು. ಕಾರ್ಖಾನೆ ತಿನಿಸಿನ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರಕ್ಕೆ ಸುಮಾರು ಒಂದು ಕೆಜಿ ಏರಿದರು. 2019ರಲ್ಲಿ ಬಂದ ಫಲಿತಾಂಶ ಇದು. ಆ 20 ಜನರ ನಾಲಿಗೆ ಚಪಲ ಎರಡು ವಾರಕ್ಕೆ ಹೆಚ್ಚಿ ಎರಡು ವಾರಕ್ಕೆ ಇಳಿಯಿತೇ? ಬದಲಾದದ್ದು ತಟ್ಟೆಯಲ್ಲಿದ್ದ ಪದಾರ್ಥ.

ಈಗ ನಮ್ಮ ಯಾವುದೇ ಹಳ್ಳಿಯ ಪೆಟ್ಟಿಗೆ ಅಂಗಡಿ ನೋಡಿ. ಎದುರಿಗೆ ತೋರಣದ ಹಾಗೆ ಐದು ರೂಪಾಯಿ, ಹತ್ತು ರೂಪಾಯಿಯ ಪೊಟ್ಟಣದ ಸರ. ಒಳಗೆ ಫ್ರಿಜ್ಜು, ಅದನ್ನು ಕೊಟ್ಟದ್ದು ಕೂಲ್‌ಡ್ರಿಂಕ್ಸ್ ಕಂಪನಿ. ಮದ್ದೂರಿನ ಎಳನೀರು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಒಂದು, ಅಲ್ಲಿಂದ ಮುಂಬೈ, ದೆಹಲಿಗೆ ಲಾರಿ ಹೋಗುತ್ತವೆ. ಎಳನೀರು ಕೆಡವಿದ ಹುಡುಗ ಸಂಜೆ ಬಾಟಲಿಯ ಕೆಂಪು ನೀರು ಕುಡಿಯುತ್ತಾನೆ. ಅವನಿಗೆ ಬುದ್ಧಿ ಇಲ್ಲ ಅಂತಲ್ಲ. ಒಂದು ಎಳನೀರಿನ ಬೆಲೆಗೆ ಅವನಿಗೆ ಎರಡು ಬಾಟಲಿ ಬರುತ್ತದೆ. ಮದ್ದೂರು ವಡೆಯನ್ನೇ ತಗೊಳ್ಳಿ. 1917ರ ಹೊತ್ತಿಗೆ ರಾಮಚಂದ್ರ ಬುಧ್ಯ ಅವರು ರೈಲು ಪ್ರಯಾಣಿಕರಿಗೆಂದು ಸ್ಟೇಷನ್ನಿನಲ್ಲಿ ಮಾರಿದ ತಿಂಡಿ. ವರ್ಷಕ್ಕೆ ಒಂದೆರಡು ಸಲ ರೈಲು ಹತ್ತುವವನಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಕರಿದದ್ದು ದಿನದ ತಿಂಡಿಯಾದಾಗಲೇ ತೊಂದರೆ. ಕರಿಯುವುದು ದಿನದ್ದಾದದ್ದು ಹೇಗೆ? ಗಾಣದ ಎಣ್ಣೆ ಇದ್ದಾಗ ಬಾಣಲೆ ಏರುವುದು ಹಬ್ಬಕ್ಕೆ. 1990ರ ದಶಕದಲ್ಲಿ ಖಾದ್ಯ ತೈಲದ ಆಮದಿಗೆ ಬಾಗಿಲು ತೆರೆದು ಅಗ್ಗದ ಪಾಮ್ ಎಣ್ಣೆ ಬಂದ ಮೇಲೆ ಬಾಣಲೆ ಇಳಿಯಲೇ ಇಲ್ಲ. ತಲೆಗೆ ವರ್ಷಕ್ಕೆ 12 ಕೆಜಿ ಎಣ್ಣೆ ಸಾಕು ಎಂದು ಐಸಿಎಂಆರ್ ಹೇಳುತ್ತದೆ, ದೇಶದ ಸರಾಸರಿ ಬಳಕೆ 19 ಕೆಜಿ ಮುಟ್ಟಿದೆ. ಸಕ್ಕರೆಯೂ ತಲೆಗೆ ಹತ್ತಿರ ಹತ್ತಿರ 20 ಕೆಜಿ.

ಇಷ್ಟೆಲ್ಲ ಜಗತ್ತಿನ ಎಲ್ಲ ಕಡೆ ನಡೆದಿದೆ. 2022ರ ಹೊತ್ತಿಗೆ ಭೂಮಿಯ ಮೇಲೆ ನೂರು ಕೋಟಿಗೂ ಹೆಚ್ಚು ಜನ ಬೊಜ್ಜಿನವರು. ಹಾಗಾದರೆ ನಮ್ಮವರಿಗೆ ಮಾತ್ರ ಸ್ವಲ್ಪ ಹೊಟ್ಟೆ ಬಂದ ಕೂಡಲೇ, 35–40ರ ವಯಸ್ಸಿಗೇ, ಶುಗರ್ ಯಾಕೆ ಬರುತ್ತದೆ? ಇದಕ್ಕೆ ಉತ್ತರದ ಬಹುಪಾಲು ಸಿಕ್ಕಿದ್ದು ಇಲ್ಲಿಂದ ಒಂದೂವರೆ ಎರಡು ಗಂಟೆ ದಾರಿಯ ಮೈಸೂರಿನಲ್ಲಿ.

ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆಗಿನ ದಾದಿಯರು ಯಾವ ಸಂಶೋಧನೆಗೆಂದೂ ಬರೆದದ್ದಲ್ಲ, ಕೆಲಸದ ಅಚ್ಚುಕಟ್ಟು ಅಷ್ಟೆ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿನ ವೈದ್ಯರು ಆ ದಾಖಲೆ ಹಿಡಿದು, ಮನೆಮನೆ ಹುಡುಕಿ, 1934ರಿಂದ 54ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕೆಜಿ ಇಲ್ಲವೇ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯ ಕಾಯಿಲೆ. ಮೂರು ಕೆಜಿ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3. ಆಮೇಲೆ 1997ರ ಹೊತ್ತಿಗೆ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಎಂಬ ಹೊಸ ಅಧ್ಯಯನ ಶುರುವಾಯಿತು, ಜಿ.ವಿ. ಕೃಷ್ಣವೇಣಿಯವರು ಅದನ್ನು ಮುಂದುವರಿಸಿದರು. ಅದರಲ್ಲಿ ಕಂಡ ಒಂದು ಸಂಗತಿ ಇಡೀ ವಿಷಯದ ಬೀಗದ ಕೈ ಎಂದು ನನ್ನ ಎಣಿಕೆ. ಮೈಸೂರಿನ ಕೂಸು ಇಂಗ್ಲೆಂಡಿನ ಕೂಸಿಗಿಂತ ತೂಕದಲ್ಲಿ ಸಣ್ಣದು, ತೋಳು ಸಣ್ಣದು. ಆದರೆ ಬೆನ್ನಿನ ಮೇಲೆ, ಹೆಗಲೆಲುಬಿನ ಕೆಳಗೆ, ಚರ್ಮವನ್ನು ಮಡಿಕೆ ಹಿಡಿದು ಅಳೆದರೆ ಅಲ್ಲಿನ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಿಲ್ಲ. ನಾಲ್ಕು ವರ್ಷವಾದಾಗಲೂ ಹಾಗೇ. ಪುಣೆಯ ಸಿ.ಎಸ್. ಯಾಜ್ನಿಕ್ ಅವರೂ ತಮ್ಮ ಕಡೆಯ ಮಕ್ಕಳಲ್ಲಿ ಇದನ್ನೇ ಕಂಡರು. 2004ರಲ್ಲಿ ಅವರು ತಮ್ಮದೂ ಲಂಡನ್ನಿನ ಗೆಳೆಯ ಯುಡ್ಕಿನ್ನರದೂ ಒಂದು ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ: 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ನಿಕರಲ್ಲಿ 21.2. ನೋಡಿದರೆ ಇಬ್ಬರೂ ತೆಳ್ಳಗೇ ಇದ್ದಾರೆ.

ಅರ್ಧ ಹೊಟ್ಟೆ ಉಂಡು ದುಡಿದ ತಾಯಿಯ ಗರ್ಭದಲ್ಲಿ ಕೂಸು ಇದ್ದದ್ದನ್ನು ಮಿದುಳಿಗೆ ಕೊಟ್ಟು, ಮಾಂಸಖಂಡಕ್ಕೆ ಕಡಿಮೆ ಮಾಡಿ, ಕೊಬ್ಬನ್ನು ಜೋಪಾನ ಮಾಡಿಕೊಂಡು ಬರುತ್ತದೆ. ಸಕ್ಕರೆಯನ್ನು ಬಳಸುವುದು ಮುಖ್ಯವಾಗಿ ಮಾಂಸಖಂಡ. ಅದೇ ಕಡಿಮೆ ಇದ್ದವನು ಮೂವತ್ತು ವರ್ಷದ ಮೇಲೆ ಬಿಸ್ಕತ್ತು, ಬೋಂಡ, ಕ್ವಾರ್ಟರಿನ ಲೋಕಕ್ಕೆ ಬಂದಾಗ ಏನಾಗಬೇಕೋ ಅದೇ ಆಗುತ್ತದೆ. ನಮ್ಮ ಬೊಜ್ಜು ತಿಂದು ಕೊಬ್ಬಿದವರ ಬೊಜ್ಜಲ್ಲ. ನಮ್ಮ ಅಜ್ಜಿಯರ ಹಸಿವು ಈಗ ಈ ರೂಪದಲ್ಲಿ ಹೊರಗೆ ಬರುತ್ತಿದೆ. ಅದಕ್ಕೇ ನಮಗೆ ಬಿಎಂಐ 23ಕ್ಕೇ ಎಚ್ಚರಿಕೆ, 25ಕ್ಕೇ ಬೊಜ್ಜು; ಸೊಂಟದ ಸುತ್ತಳತೆ ಗಂಡಸಿಗೆ 90 ಸೆಂ.ಮೀ., ಹೆಂಗಸಿಗೆ 80 ಮೀರಬಾರದು ಎಂದು ಮಿತಿ. ಯೂರೋಪಿನವರಿಗೆ ಹೊಲಿದ ಅಳತೆ ನಮಗೆ ಹೊಂದುವುದಿಲ್ಲ.

ಹೆಂಗಸರ ಮಾತು ಬೇರೆಯಾಗಿ ಹೇಳಬೇಕು. ‘ಆಪರೇಷನ್ ಆದ್ಮೇಲೆ ದಪ್ಪ ಆಗ್ಬುಟ್ಟೆ ಕಣಮ್ಮ’ ಎಂದು ಎಷ್ಟೋ ಅಕ್ಕಂದಿರು ಹೇಳುತ್ತಾರೆ. ಸಂತಾನಹರಣ ಚಿಕಿತ್ಸೆಗೂ ಬೊಜ್ಜಿಗೂ ಸಂಬಂಧವಿಲ್ಲ. ಆದರೆ ಅವರು ಗುರುತಿಸಿದ ಕಾಲ ಸರಿ. ಇಪ್ಪತ್ತೈದರ ಒಳಗೆ ಎರಡು ಹೆರಿಗೆ, ಎರಡು ಬಾಣಂತನ, ಏರಿದ ತೂಕ ಇಳಿಯದೆ ಮತ್ತೊಮ್ಮೆ ಏರಿದ್ದು, ಆಮೇಲೆ ಮನೆಯಲ್ಲಿ ಎಲ್ಲರೂ ಉಂಡು ಮಿಕ್ಕಿದ ಅನ್ನವನ್ನು ಚೆಲ್ಲಲಾರದೆ ತಾನೇ ಉಣ್ಣುವುದು. ಮೊಟ್ಟೆ, ಮಾಂಸದ ಚೂರು ಗಂಡ ಮಕ್ಕಳಿಗೆ. ಹಾಲು ಡೈರಿಗೆ, ಅಲ್ಲಿಂದ ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ. ತೂಕ ಇದೆ, ರಕ್ತ ಇಲ್ಲ ಎಂಬ ಒಗಟು ಇಲ್ಲಿ ಬಿಡುತ್ತದೆ. ಸಂಜೆ ಹೆಂಗಸರು ಸೀರೆ ಉಟ್ಟುಕೊಂಡೇ ಊರ ರಸ್ತೆಯಲ್ಲಿ ವಾಕಿಂಗ್ ಹೊರಟರೆ ನಾಲ್ಕು ಜನ ಕಟ್ಟೆ ಮೇಲೆ ಕೂತು ನಗುತ್ತಾರೆ. ಆ ನಾಲ್ವರ ಸೊಂಟ ಅಳೆಸಬೇಕು ಮೊದಲು.

ಇನ್ನು ಏನು ಮಾಡುವುದು? ತೂಕ ಇಳಿಸುವ ಚುಚ್ಚುಮದ್ದು 2025ರಲ್ಲಿ ಭಾರತಕ್ಕೂ ಬಂತು: ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ. ಒಳ್ಳೆಯ ಔಷಧಗಳೇ, ವೈದ್ಯರ ನಿಗಾದಲ್ಲಿ ಬೇಕಾದವರಿಗೆ ಬೇಕು. ಬಂದಾಗಿನ ಬೆಲೆ ತಿಂಗಳಿಗೆ ಹತ್ತು ಸಾವಿರದ ಮೇಲೆ. ಊರಿಗೆ ಊರೇ ಚುಚ್ಚಿಸಿಕೊಳ್ಳುವ ಮದ್ದು ಅದಲ್ಲ. ಇನ್ನೊಂದು ದಾರಿ ತೆರಿಗೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ದರ ಬದಲಿಸಿದಾಗ ಕೂಲ್‌ಡ್ರಿಂಕ್ಸ್ ಮೇಲೆ ಶೇಕಡ 40 ಉಳಿಸಿದ್ದು ಸರಿ. ಅದೇ ಸಲ ಬಿಸ್ಕತ್ತು, ಚಾಕಲೇಟಿನ ತೆರಿಗೆ 18ರಿಂದ 5ಕ್ಕೆ ಇಳಿಯಿತು. ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಟ್ಟ ಹಾಗೆ.

ಬೊಜ್ಜಿನ ವಿರುದ್ಧ ಸರಕಾರದ ದೊಡ್ಡ ಕಾರ್ಯಕ್ರಮ ಯಾವುದು ಎಂದು ನನ್ನನ್ನು ಕೇಳಿದರೆ 2017ರ ಮಾತೃಪೂರ್ಣ ಎನ್ನುತ್ತೇನೆ. ಬಸುರಿ ಬಾಣಂತಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು. ಮುಂದಿನ ಮೂವತ್ತು ವರ್ಷದ ಸಕ್ಕರೆ ಕಾಯಿಲೆಯನ್ನು ತಡೆಯುವ ಊಟ ಅದು. ಅಂಗನವಾಡಿಗೆ ಹೋಗಿ ಎಲ್ಲರ ಮುಂದೆ ಉಣ್ಣುವುದು ನಾಚಿಕೆ ಎಂದು ಸೊಸೆಯನ್ನು ತಡೆಯುವ ಅತ್ತೆಯರು ಈ ಸಭೆಯಲ್ಲಿದ್ದರೆ, ದಯವಿಟ್ಟು ಕಳಿಸಿಕೊಡಿ. ನಿಮ್ಮ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಒಂದು ಟೇಪು ಇರುತ್ತದೆ. ಮೂವತ್ತು ದಾಟಿದವರ ಸೊಂಟ ಅಳೆದು, ಬೀಡಿ, ಕುಡಿತ, ನಡಿಗೆ, ಮನೆತನದ ಕಾಯಿಲೆ ಕೇಳಿ ಅಂಕ ಹಾಕುತ್ತಾಳೆ. ನಾಲ್ಕು ದಾಟಿದರೆ ಪರೀಕ್ಷೆಗೆ ಬನ್ನಿ ಎನ್ನುತ್ತಾಳೆ. ಅವಳು ಬಂದಾಗ ಗಂಡಸರು ತೋಟಕ್ಕೆ ಹೋಗಿದ್ದಾರೆ ಅನ್ನುವ ಉತ್ತರ ಇನ್ನು ಸಾಕು.

ಕಡೆಯದಾಗಿ ಒಂದು ಬೇಡಿಕೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಒಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಹೊರಡಿಸಿದೆ. ನಿಮ್ಮೂರ ಶಾಲೆಯ ಗೇಟಿನಿಂದ 50 ಮೀಟರ್ ಅಳೆದು ನೋಡಿ, ಮುಂದಿನ ಗ್ರಾಮಸಭೆಯಲ್ಲಿ ಆ ನಿಯಮ ಜಾರಿಗೆ ತನ್ನಿ ಎಂದು ಬರವಣಿಗೆಯಲ್ಲಿ ಕೇಳಿ. ಆ ಅಂಗಡಿಯವನೂ ನಮ್ಮವನೇ, ಅವನ ಹೊಟ್ಟೆಪಾಡಿಗೂ ದಾರಿ ಬೇಕು. ಕಡಲೆಕಾಯಿ, ಬಾಳೆಹಣ್ಣು, ಸೀಬೆಹಣ್ಣು, ಎಳನೀರು ಮಾರಲಿ. ನಾವು ಕೊಳ್ಳೋಣ.